ಕೆರೆ, ನಾಲೆ, ಬಾವಿಯ ಲೆಕ್ಕ ಇಡುವವರಿಗೆ: ಯಾವ ಸಾಧನ ಕೊಳ್ಳಬೇಕು, ಎಲ್ಲಿ ಬರೆದಿಡಬೇಕು, ಹೇಗೆ ಎಲ್ಲರಿಗೂ ತೆರೆದಿಡಬೇಕು

ಕೆರೆ ನೀರು ಪರೀಕ್ಷೆ ಮಾಡಬೇಕು ಅಂತ ಹೊರಟವರು ಮೊದಲು ಕೊಳ್ಳುವುದು ಟಿಡಿಎಸ್ ಪೆನ್ನು. ಇನ್ನೂರರಿಂದ ಐನೂರು ರೂಪಾಯಿಗೆ ಸಿಗುತ್ತದೆ, ಅದ್ದಿದ ಕೂಡಲೇ ಅಂಕಿ ತೋರಿಸುತ್ತದೆ. ಆದರೆ ಮೈಸೂರಿನ ಕೆರೆಗಳ ಬಗ್ಗೆ ಜನ ಹೆಚ್ಚಾಗಿ ಕೇಳುವುದು ಒಂದೇ ಪ್ರಶ್ನೆ: ಒಳಚರಂಡಿ ನೀರು ಸೇರುತ್ತಿದೆಯೇ? ಅದಕ್ಕೆ ಈ ಪೆನ್ನು ಉತ್ತರ ಕೊಡುವುದಿಲ್ಲ. ನೀರಿನಲ್ಲಿ ಕರಗಿದ ಲವಣ ಎಷ್ಟು ಅನ್ನುವುದನ್ನು ಅಂದಾಜಿಸುತ್ತದೆ, ಅಷ್ಟೆ. ಆ ಲವಣ ಬಂಡೆಯಿಂದ ಬಂತೋ ಕಕ್ಕಸಿನಿಂದ ಬಂತೋ ಅದಕ್ಕೆ ತಿಳಿಯದು.

ಆದ್ದರಿಂದ ಸಾಧನಕ್ಕಿಂತ ಮೊದಲು ಪ್ರಶ್ನೆ ಬರೆದುಕೊಳ್ಳಿ. ಅದರ ಕೆಳಗೆ, ಈ ಲೆಕ್ಕವನ್ನು ಯಾರ ಮುಂದೆ ಇಡುತ್ತೀರಿ ಎಂದು ಬರೆಯಿರಿ: ಪಾಲಿಕೆಯ ಎಂಜಿನಿಯರ್, ನೀರಾವರಿ ನಿಗಮದ ಕಚೇರಿ, ಗ್ರಾಮಸಭೆ, ಮಾಲಿನ್ಯ ನಿಯಂತ್ರಣ ಮಂಡಳಿ. ಮುಂದೆ ಹೇಳುವ ಪ್ರತಿ ಆಯ್ಕೆಯನ್ನೂ ನಾವು ಒಂದೇ ಒರೆಗಲ್ಲಿಗೆ ಹಚ್ಚಿದ್ದೇವೆ. ನಿಮ್ಮ ಪರಿಚಯವೇ ಇಲ್ಲದವರು ನಿಮ್ಮ ಟಿಪ್ಪಣಿ ಹಿಡಿದು ಅದೇ ಜಾಗಕ್ಕೆ, ಅದೇ ಹೊತ್ತಿಗೆ ಹೋಗಿ ಅಳೆದರೆ ಹೆಚ್ಚುಕಡಿಮೆ ಅದೇ ಅಂಕಿ ಬರಬೇಕು. ಬಾರದಿದ್ದರೆ ಸಾಧನ ಎಷ್ಟೇ ದುಬಾರಿಯದಾದರೂ ಮೊದಲ ಸಭೆಯಲ್ಲೇ ಲೆಕ್ಕ ಬಿದ್ದುಹೋಗುತ್ತದೆ.

ಕೆರೆಗೆ: ಪೆನ್ನು, ಹನಿ ಕಿಟ್, ಪ್ರಯೋಗಾಲಯ

ಟಿಡಿಎಸ್ ಪೆನ್ನು ನಿಜವಾಗಿ ಅಳೆಯುವುದು ನೀರಿನ ವಿದ್ಯುತ್ ವಾಹಕತೆಯನ್ನು, ಅಂದರೆ ಇಸಿಯನ್ನು. ಅದನ್ನು 0.5ರಿಂದ 0.7ರ ನಡುವಿನ ಒಂದು ಅಂಶದಿಂದ ಗುಣಿಸಿ ಟಿಡಿಎಸ್ ಎಂದು ತೋರಿಸುತ್ತದೆ. ಆ ಅಂಶ ಒಂದೊಂದು ಕಂಪನಿಯದು ಒಂದೊಂದು. 1200 ಮೈಕ್ರೋಸೀಮನ್ಸ್ (ವಾಹಕತೆಯ ಮಾನ) ಇರುವ ಒಂದೇ ಲೋಟ ನೀರನ್ನು ಒಂದು ಪೆನ್ನು 600 ಎನ್ನುತ್ತದೆ, ಇನ್ನೊಂದು 840 ಎನ್ನುತ್ತದೆ. ಎರಡು ತಂಡ ಎರಡು ಪೆನ್ನಿನಲ್ಲಿ ಅಳೆದು ಕೆರೆ ಕೆಟ್ಟಿತು, ಸುಧಾರಿಸಿತು ಎಂದು ವಾದಿಸುವುದಕ್ಕೆ ಇಷ್ಟು ಸಾಕು. ಕೊಳ್ಳುವುದಾದರೆ ಇಸಿಯನ್ನೇ ನೇರವಾಗಿ ತೋರಿಸುವ, ಉಷ್ಣಾಂಶಕ್ಕೆ ತಾನೇ ಹೊಂದಿಸಿಕೊಳ್ಳುವ ಪೆನ್ನು ಕೊಳ್ಳಿ, ಏಕೆಂದರೆ ನೀರು ಒಂದು ಡಿಗ್ರಿ ಬಿಸಿಯಾದರೆ ವಾಹಕತೆ ಸುಮಾರು ಶೇ 2ರಷ್ಟು ಏರುತ್ತದೆ. ಜತೆಗೆ 1413 ಮೈಕ್ರೋಸೀಮನ್ಸ್‌ನ ಮಾಪನಾಂಕ ದ್ರಾವಣ, ಅಂದರೆ ವಾಹಕತೆ ಮೊದಲೇ ಗೊತ್ತಿರುವ ದ್ರಾವಣ, ಒಂದು ಬಾಟಲಿ ತೆಗೆದಿಡಿ. ಹೊರಡುವ ಮೊದಲು ಅದರಲ್ಲಿ ಅದ್ದಿ, ಬಂದ ಅಂಕಿಯನ್ನು ಬರೆದುಕೊಂಡೇ ಹೊರಡಬೇಕು.

ಇಸಿ ಪೆನ್ನು ಕೆರೆಗೆ ದಂಡವೇನಲ್ಲ. ರಾಜಕಾಲುವೆ ಕೆರೆಗೆ ಬೀಳುವ ಬಾಯಿಯಲ್ಲಿ ಒಂದು, ಏರಿಯ ಮೇಲಿಂದ ಒಂದು, ಕೋಡಿಯಲ್ಲಿ ಒಂದು ಓದಿಕೆ ತೆಗೆದುಕೊಂಡರೆ ಎಲ್ಲಿಂದ ಬೇರೆ ನೀರು ಬರುತ್ತಿದೆ ಎನ್ನುವ ಸುಳಿವು ಸಿಗುತ್ತದೆ. ಅದು ಸುಳಿವು ಮಾತ್ರ. ಸಾಕ್ಷಿ ಬೇಕಾದರೆ ಅಮೋನಿಯ ಮತ್ತು ಕರಗಿದ ಆಮ್ಲಜನಕ ಅಳೆಯಬೇಕು.

ಅಮೋನಿಯಕ್ಕೆ ಅಕ್ವೇರಿಯಂ ಅಂಗಡಿಯಲ್ಲಿ ಸಿಗುವ, ನೀರಿಗೆ ದ್ರಾವಣದ ಹನಿ ಹಾಕಿ ಬಣ್ಣ ನೋಡುವ ಹನಿ ಕಿಟ್ ಸಾಕು. ಅದ್ದುವ ಕಾಗದದ ಪಟ್ಟಿ ಬೇಡ: ಅದರ ಬಣ್ಣದ ಮೆಟ್ಟಿಲುಗಳು ತುಂಬ ಅಗಲ, ತೇವ ತಗುಲಿದ ಡಬ್ಬಿಯಲ್ಲಿ ಬೇಗ ಕೆಡುತ್ತವೆ. ಚೊಕ್ಕ ಕೆರೆಯಲ್ಲಿ ಅಮೋನಿಯ ಲೀಟರಿಗೆ ಅರ್ಧ ಮಿಲಿಗ್ರಾಂ ಒಳಗೇ ಇರುತ್ತದೆ. ಮನೆಗಳ ಒಳಚರಂಡಿ ನೀರಿನಲ್ಲಿ ಹತ್ತಾರು ಮಿಲಿಗ್ರಾಂ. ಕಿಟ್‌ನ ಬಣ್ಣದ ಚಾರ್ಟು ಸಾಮಾನ್ಯವಾಗಿ 8ಕ್ಕೆ ನಿಲ್ಲುತ್ತದೆ, ಅದರಾಚೆಗೆ ಎಲ್ಲವೂ ಒಂದೇ ಕಡುಹಸಿರು. ಹಾಗಾದಾಗ ಒಂದು ಭಾಗ ಕೆರೆ ನೀರಿಗೆ ಒಂಬತ್ತು ಭಾಗ ಡಿಸ್ಟಿಲ್ಡ್ ವಾಟರ್ ಸೇರಿಸಿ ಮತ್ತೆ ಮಾಡಿ, ಬಂದದ್ದನ್ನು ಹತ್ತರಿಂದ ಗುಣಿಸಿ. ಮಂಡ್ಯ ಕಡೆಯ ಕೆರೆಗಳಲ್ಲಿ ಇನ್ನೊಂದು ಎಚ್ಚರ ಬೇಕು. ಭತ್ತದ ಗದ್ದೆಗೆ ಮೇಲುಗೊಬ್ಬರವಾಗಿ ಯೂರಿಯ ಎರಚಿದ ವಾರ, ಗದ್ದೆ ಬಸಿನೀರಿನಿಂದಲೂ ಅಮೋನಿಯ ಏರುತ್ತದೆ. ಸುತ್ತಲಿನ ಗದ್ದೆಗಳಲ್ಲಿ ಆ ವಾರ ಏನು ನಡೆದಿತ್ತು ಎಂದು ಒಂದು ಸಾಲು ಬರೆದಿಡದಿದ್ದರೆ ಊರಿನ ಚರಂಡಿಯ ಮೇಲೆ ಇಲ್ಲದ ತಪ್ಪು ಹೊರಿಸಿದಂತೆ ಆಗುತ್ತದೆ.

ನೀರು ಎಷ್ಟು ಆಮ್ಲ, ಎಷ್ಟು ಕ್ಷಾರ ಎಂದು ಹೇಳುವ ಪಿಎಚ್ ಅನ್ನು ಜತೆಗೇ ಅಳೆಯಬೇಕು, ಏಕೆಂದರೆ ಅಮೋನಿಯದ ವಿಷ ಅದನ್ನೇ ಅವಲಂಬಿಸಿದೆ. 25 ಡಿಗ್ರಿ ಉಷ್ಣಾಂಶದಲ್ಲಿ ಪಿಎಚ್ 7 ಇದ್ದರೆ ಒಟ್ಟು ಅಮೋನಿಯದಲ್ಲಿ ಮುಕ್ತ ಅಮೋನಿಯ ಶೇ 1ಕ್ಕೂ ಕಡಿಮೆ. ಪಿಎಚ್ 9 ಆದರೆ ಮೂರನೇ ಒಂದು ಭಾಗಕ್ಕಿಂತ ಹೆಚ್ಚು. ಮೀನು ಸಾಯಿಸುವುದು ಈ ಮುಕ್ತ ಭಾಗ. ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿಯ ವರ್ಗೀಕರಣದಲ್ಲಿ ಮೀನುಗಾರಿಕೆ, ವನ್ಯಜೀವಿಗೆ ಮೀಸಲಾದ 'ಡಿ' ವರ್ಗದ ನೀರಿಗೆ ಮುಕ್ತ ಅಮೋನಿಯದ ಮಿತಿ ಲೀಟರಿಗೆ 1.2 ಮಿ.ಗ್ರಾಂ, ಕರಗಿದ ಆಮ್ಲಜನಕ ಕನಿಷ್ಠ 4 ಮಿ.ಗ್ರಾಂ, ಪಿಎಚ್ 6.5ರಿಂದ 8.5. ನಮ್ಮ ಊರುಗಳ ಬಹುಪಾಲು ಕೆರೆಗಳನ್ನು ಈ ವರ್ಗಕ್ಕೆ ಹೋಲಿಸುವುದೇ ನ್ಯಾಯ. ಕುಡಿಯುವ ನೀರಿನ ಮಾನದಂಡ ತಂದು ಕೆರೆಗೆ ಹಚ್ಚಿದರೆ ಎಲ್ಲ ಕೆರೆಯೂ ನಪಾಸಾಗುತ್ತದೆ, ಅದರಿಂದ ಯಾರಿಗೂ ಏನೂ ತಿಳಿಯುವುದಿಲ್ಲ. ಪಿಎಚ್ ಪೆನ್ನು ಕೊಂಡರೆ ಅದರ ಗಾಜಿನ ತುದಿ ಒಣಗದಂತೆ ಪೊಟ್ಯಾಸಿಯಂ ಕ್ಲೋರೈಡ್ ದ್ರಾವಣದಲ್ಲಿ ಇಡಬೇಕು. ಡಿಸ್ಟಿಲ್ಡ್ ವಾಟರಿನಲ್ಲಿ ಇಟ್ಟರೆ ತುದಿ ಹಾಳಾಗುತ್ತದೆ. ಇಷ್ಟು ಜೋಪಾನ ಮಾಡುವವರು ತಂಡದಲ್ಲಿ ಇಲ್ಲದಿದ್ದರೆ ಹನಿ ಕಿಟ್‌ನ ಪಿಎಚ್ ಸಾಕು. ಅರ್ಧ ಅಂಕಿಯಷ್ಟು ಒರಟಾದರೂ ಮೋಸ ಮಾಡುವುದಿಲ್ಲ.

ಕರಗಿದ ಆಮ್ಲಜನಕಕ್ಕೆ ಎರಡು ದಾರಿ. ಒಳ್ಳೆಯ ಮೀಟರು ಹತ್ತಾರು ಸಾವಿರ ರೂಪಾಯಿ. ಹನಿ ಹಾಕಿ ಮಾಡುವ ವಿಂಕ್ಲರ್ ಕಿಟ್ ಅದರ ಸಣ್ಣ ಪಾಲು. ನಾಗರಿಕರ ಗುಂಪಿಗೆ ನಾವು ವಿಂಕ್ಲರ್ ಕಿಟ್ಟನ್ನೇ ಹೇಳುತ್ತೇವೆ. ಬಾಟಲಿಯನ್ನು ನೀರಿನೊಳಗೇ ತುಂಬಿ, ಗುಳ್ಳೆ ಒಂದೂ ಉಳಿಯದಂತೆ ಬಿರಡೆ ಹಾಕಿ, ಮೊದಲ ಎರಡು ದ್ರಾವಣ ಸೇರಿಸಿದರೆ ಒಳಗೆ ಗಸಿ ಕಟ್ಟುತ್ತದೆ. ಗಸಿ ಕಂದು ಬಣ್ಣವಾದರೆ ಆಮ್ಲಜನಕ ಇದೆ, ಬೆಳ್ಳಗೆ ಉಳಿದರೆ ಇಲ್ಲ. ಏರಿಯ ಮೇಲೆ ನಿಂತ ಹತ್ತು ಜನಕ್ಕೆ ಬಿಳಿ ಗಸಿ ತೋರಿಸಿದರೆ ಮೀಟರಿನ ಅಂಕಿಗಿಂತ ಬೇಗ ಅರ್ಥವಾಗುತ್ತದೆ. ಆಮೇಲೆ ಆಮ್ಲ ಹಾಕಿ, ಗಂಜಿ ದ್ರಾವಣದ ನೀಲಿ ಮಾಯವಾಗುವವರೆಗೆ ಹನಿ ಎಣಿಸುವುದು. ಗುಳ್ಳೆ ಉಳಿದರೆ ಗಾಳಿಯ ಆಮ್ಲಜನಕ ಸೇರಿ ಅಂಕಿ ಏರುತ್ತದೆ. ಹೆಚ್ಚಿನ ತಪ್ಪು ನಡೆಯುವುದು ಅಲ್ಲೇ. ಆಮ್ಲದ ಹನಿ ಕೈಗೆ ಬಿದ್ದರೆ ಸುಡುತ್ತದೆ, ಕೈಗವಸು ತಪ್ಪಿಸಬೇಡಿ. ಪರೀಕ್ಷೆ ಮುಗಿದ ದ್ರಾವಣವನ್ನು ಕೆರೆಗೆ ಚೆಲ್ಲದೆ ಒಂದು ಕ್ಯಾನಿಗೆ ಸುರಿದುಕೊಂಡು ವಾಪಸ್ ತನ್ನಿ. ಮೀಟರೇ ಇದ್ದರೆ ಅದಕ್ಕೆ ಎತ್ತರ ಹೇಳಿಕೊಡಿ. ಮೈಸೂರು ಸಮುದ್ರಮಟ್ಟದಿಂದ ಸುಮಾರು 770 ಮೀಟರ್ ಮೇಲಿದೆ. 25 ಡಿಗ್ರಿಯಲ್ಲಿ ಇಲ್ಲಿನ ನೀರು ಹಿಡಿದಿಟ್ಟುಕೊಳ್ಳುವುದು ಲೀಟರಿಗೆ ಸುಮಾರು 7.5 ಮಿ.ಗ್ರಾಂ, ಕಡಲ ತೀರದಲ್ಲಾದರೆ 8.3ರ ಹತ್ತಿರ.

ಸಾಧನಕ್ಕಿಂತ ಹೆಚ್ಚಾಗಿ ಹೊತ್ತು ಅಂಕಿಯನ್ನು ಬದಲಿಸುತ್ತದೆ. ಹಸಿರು ಪಾಚಿ ಕಟ್ಟಿದ ಕೆರೆಯಲ್ಲಿ ಮಧ್ಯಾಹ್ನ 3 ಗಂಟೆಗೆ ಅಳೆದರೆ ಆಮ್ಲಜನಕ 12 ಬರಬಹುದು, ಪಿಎಚ್ 9 ದಾಟಬಹುದು. ಬಿಸಿಲಿನಲ್ಲಿ ಪಾಚಿ ಉಸಿರು ಬಿಟ್ಟು ತುಂಬಿಸಿದ ಆಮ್ಲಜನಕ ಅದು. ಅದೇ ಪಾಚಿ ರಾತ್ರಿಯಿಡೀ ಆಮ್ಲಜನಕ ತಿಂದು ಮುಗಿಸಿರುತ್ತದೆ. ಮೀನು ಸತ್ತು ತೇಲುವುದು ಬೆಳಗಿನ ಜಾವ ಏಕೆ ಅನ್ನುವುದಕ್ಕೆ ಇದೇ ಕಾರಣ. ಆಮ್ಲಜನಕ ಅಳೆಯುವುದಾದರೆ ಬೆಳಗ್ಗೆ 6ರಿಂದ 7ರ ಒಳಗೆ. ಒಂದು ವಾರ ಬೆಳಗ್ಗೆ, ಇನ್ನೊಂದು ವಾರ ಸಂಜೆ ಮಾಡಿದ ಲೆಕ್ಕವನ್ನು ಒಟ್ಟಿಗೆ ಗೀಟು ಎಳೆದು ತೋರಿಸುವ ಹಾಗಿಲ್ಲ.

ನೀರಿನ ತಿಳಿ ನೋಡುವ ಸೆಕಿ ಫಲಕ ಮಾತ್ರ ಹಗಲಿನದು. 20 ಸೆಂಟಿಮೀಟರ್ ಅಗಲದ ತಟ್ಟೆಗೆ ಕಪ್ಪು ಬಿಳುಪಾಗಿ ನಾಲ್ಕು ಭಾಗ ಬಣ್ಣ ಹಚ್ಚಿ, ಹಿಂಭಾಗಕ್ಕೆ ತೂಕ ಕಟ್ಟಿ, ಹಗ್ಗಕ್ಕೆ 10 ಸೆಂಟಿಮೀಟರಿಗೊಂದು ಗುರುತು ಹಾಕಿದರೆ ಮುಗಿಯಿತು. ನೆರಳಿನ ಬದಿಯಲ್ಲಿ ಇಳಿಸಿ, ಕಾಣೆಯಾದ ಆಳ ಮತ್ತು ಮೇಲೆತ್ತುವಾಗ ಮತ್ತೆ ಕಂಡ ಆಳ ಎರಡರ ಸರಾಸರಿ ಬರೆಯಿರಿ. ಬೆಳಗ್ಗೆ 10ರಿಂದ 2ರ ಒಳಗೆ ಮಾಡಬೇಕಾದ್ದರಿಂದ ಆಮ್ಲಜನಕದ ಜತೆಗೆ ಒಂದೇ ಭೇಟಿಯಲ್ಲಿ ಆಗುವುದಿಲ್ಲ. ಒಂದೇ ಸಲ ಹೋಗಲು ಸಾಧ್ಯವಿರುವವರು ಫಲಕ ಬಿಟ್ಟುಬಿಡಿ. ಹೂಳು ತುಂಬಿದ ಕೆರೆಯಲ್ಲಿ ಫಲಕ ಕಾಣೆಯಾಗುವ ಮೊದಲೇ ತಳ ಮುಟ್ಟುತ್ತದೆ. ಆಗ ಅಂಕಿಯ ಜತೆ 'ತಳ ಮುಟ್ಟಿತು' ಎಂದು ಬರೆಯಬೇಕು.

ಪ್ರಯೋಗಾಲಯ ವರ್ಷಕ್ಕೆ ಎರಡು ಸಲ ಸಾಕು: ನೀರು ತೀರ ಇಳಿದ ಏಪ್ರಿಲ್‌–ಮೇ ಒಮ್ಮೆ, ಮಳೆ ಮುಗಿದ ನವೆಂಬರಿನಲ್ಲಿ ಒಮ್ಮೆ. ಬಿಒಡಿ (ನೀರಿನ ಕೊಳೆ ಕರಗಿಸಲು ಸೂಕ್ಷ್ಮಜೀವಿಗಳು ಬಳಸುವ ಆಮ್ಲಜನಕ) ಮತ್ತು ಕೋಲಿಫಾರ್ಮ್ (ಮಲ ಸೇರಿದ ಸುಳಿವು ಕೊಡುವ ಬ್ಯಾಕ್ಟೀರಿಯ) ಎರಡನ್ನೇ ಕೇಳಿ. ಉಳಿದದ್ದನ್ನು ನೀವೇ ಅಳೆಯುತ್ತಿದ್ದೀರಿ. ಎನ್ಎಬಿಎಲ್ (ಪ್ರಯೋಗಾಲಯಗಳಿಗೆ ಮಾನ್ಯತೆ ಕೊಡುವ ರಾಷ್ಟ್ರೀಯ ಮಂಡಳಿ) ಮಾನ್ಯತೆ ಇರುವ ಪ್ರಯೋಗಾಲಯವೇ ಆಗಬೇಕು, ಇಲ್ಲದಿದ್ದರೆ ಇಲಾಖೆ ಆ ವರದಿಯನ್ನು ಮುಟ್ಟುವುದಿಲ್ಲ. ಮಾದರಿ ಬಾಟಲಿಯನ್ನು ಐಸ್ ಪೆಟ್ಟಿಗೆಯಲ್ಲಿಟ್ಟು ಅದೇ ಬೆಳಗ್ಗೆ ತಲುಪಿಸಿ. ಬಿಒಡಿ ವರದಿ ನೋಡುವಾಗ 27 ಡಿಗ್ರಿಯಲ್ಲಿ 3 ದಿನದ್ದೋ 20 ಡಿಗ್ರಿಯಲ್ಲಿ 5 ದಿನದ್ದೋ ಎಂದು ಕೇಳಿ ಬರೆದುಕೊಳ್ಳಿ. ಪ್ರಯೋಗಾಲಯದ ವರದಿ ಕಚೇರಿಯಲ್ಲಿ ತೂಕ ಕೊಡುತ್ತದೆ. ಆದರೆ ವರ್ಷಕ್ಕೆ ಎರಡು ಅಂಕಿಯಿಂದ ಯಾವ ರಾತ್ರಿ ಮ್ಯಾನ್‌ಹೋಲ್ ಉಕ್ಕಿ ರಾಜಕಾಲುವೆಗೆ ಹರಿಯಿತು ಎಂದು ಹೇಳಲಾಗದು. ಅದನ್ನು ಹೇಳುವುದು ಹದಿನೈದು ದಿನಕ್ಕೊಮ್ಮೆಯ ನಿಮ್ಮ ಹನಿ ಕಿಟ್ಟೇ.

ಒಂದು ಸಾಲು ಹೇಗಿರಬೇಕು ಎಂಬುದಕ್ಕೆ ಮಾದರಿ:

ಕೆರೆ-02, ಒಳಹರಿವು, 2025-04-12, 06:40, ಇಸಿ 1180, ಉಷ್ಣ 25.5, ಪಿಎಚ್ 7.5, ಆಮ್ಲಜನಕ 2, ಅಮೋನಿಯ 4, ಹಿಂದಿನ 24 ಗಂಟೆ ಮಳೆ ಇಲ್ಲ, ಪೆನ್ನು-ಬಿ (1413ಕ್ಕೆ 1405 ತೋರಿತು), ಅಳೆದವರು ಮ. ಮತ್ತು ಸು.

ಇದರಲ್ಲಿ ಬೆಲೆಬಾಳುವುದು ಕೊನೆಯ ಮೂರು. ಮಳೆ ಬಂದ ಮಾರನೆಯ ದಿನ ಕೆರೆಯೇ ಬೇರೆ. ಪೆನ್ನು ಸರಿಯಿತ್ತು ಎನ್ನುವುದಕ್ಕೆ ಅದೇ ಸಾಲಿನಲ್ಲಿ ಆಧಾರ ಸಿಕ್ಕಿತು. ಇಬ್ಬರು ಅಳೆದರೆ ಒಬ್ಬರು ಬಣ್ಣ ನೋಡುವಾಗ ಇನ್ನೊಬ್ಬರು ಬರೆಯುತ್ತಾರೆ, ಕಾಲು ಜಾರಿದರೆ ಹಿಡಿಯಲೂ ಒಬ್ಬರಿರುತ್ತಾರೆ. ಜೊಂಡಿನ ಅಂಚಿಗೆ ಇಳಿಯಬೇಡಿ, ಹೂಳು ಸೊಂಟದವರೆಗೆ ಎಳೆಯುತ್ತದೆ. ಹಗ್ಗ ಕಟ್ಟಿದ ಬಕೆಟ್ ಎಸೆದು ನೀರು ಸೇದಿ. ಆಮ್ಲಜನಕದ ಬಾಟಲಿಯನ್ನೂ ಆ ಬಕೆಟ್ಟಿನೊಳಗೆ ಕುಲುಕದೆ ಮುಳುಗಿಸಿ ತುಂಬಬಹುದು.

ಕುಡಿಯುವ ನೀರು ಬೇರೆ ಮಾತು

ಬೋರ್‌ವೆಲ್ ಮತ್ತು ನಲ್ಲಿ ನೀರಿಗೆ ಮಾನದಂಡ ಕುಡಿಯುವ ನೀರಿನ ಭಾರತೀಯ ಮಾನಕವಾದ ಐಎಸ್ 10500:2012. ನೈಟ್ರೇಟ್ ಲೀಟರಿಗೆ 45 ಮಿ.ಗ್ರಾಂ, ಅದಕ್ಕೆ ರಿಯಾಯಿತಿ ಇಲ್ಲ. ಫ್ಲೋರೈಡ್ 1.0, ಬೇರೆ ಮೂಲವೇ ಇಲ್ಲದಿದ್ದರೆ 1.5ರವರೆಗೆ. ಟಿಡಿಎಸ್ 500, ಹಾಗೆಯೇ 2000ದವರೆಗೆ. ನೈಟ್ರೇಟ್ ಪಟ್ಟಿ ಕೊಳ್ಳುವಾಗ ಡಬ್ಬಿಯ ಮೇಲೆ ಅಳತೆ ನೈಟ್ರೇಟ್‌ನದೋ ನೈಟ್ರೇಟ್‌ನೊಳಗಿನ ಸಾರಜನಕದ್ದೋ ನೋಡಿ. ಎರಡನೆಯದಾದರೆ 4.43ರಿಂದ ಗುಣಿಸಬೇಕು. ಸಾರಜನಕದ ಲೆಕ್ಕದಲ್ಲಿ 10 ಅಂದರೆ ನೈಟ್ರೇಟ್ ಲೆಕ್ಕದಲ್ಲಿ ಸುಮಾರು 45. ಇದೊಂದನ್ನು ನೋಡದೆ ಮಿತಿ ದಾಟಿದ ಬಾವಿಗೆ 'ಪರವಾಗಿಲ್ಲ' ಎಂದು ಬರೆದರೆ ಆ ನೀರು ಕುಡಿಯುವ ಕೂಸಿಗೆ ಕೇಡು. ಫ್ಲೋರೈಡ್‌ಗೆ ಬಣ್ಣದ ಕಿಟ್ 1.0 ಮತ್ತು 1.5ರ ನಡುವೆ ಸ್ಪಷ್ಟವಾಗಿ ಹೇಳುವುದಿಲ್ಲ, ಆದರೆ ನಿರ್ಧಾರ ಮಾಡಬೇಕಾದದ್ದು ಸರಿಯಾಗಿ ಅಲ್ಲೇ. ಅದನ್ನು ಪ್ರಯೋಗಾಲಯಕ್ಕೇ ಕಳುಹಿಸಿ.

ಹಳ್ಳಿಯಲ್ಲಿದ್ದರೆ ಕಿಟ್ ಕೊಳ್ಳುವ ಮೊದಲು ಪಂಚಾಯಿತಿಯಲ್ಲಿ ಕೇಳಿ. ಜಲ ಜೀವನ್ ಮಿಷನ್ ಅಡಿ ಊರಿಗೆ ಐವರು ಮಹಿಳೆಯರಿಗೆ ಕ್ಷೇತ್ರ ಪರೀಕ್ಷಾ ಕಿಟ್ ಬಳಸುವ ತರಬೇತಿ ಕೊಡಬೇಕೆಂಬ ವ್ಯವಸ್ಥೆ ಇದೆ, ಯೋಜನೆಯ ಪ್ರಯೋಗಾಲಯಗಳೂ ಸಾರ್ವಜನಿಕರಿಗೆ ತೆರೆದಿವೆ. ಇರುವ ಕಿಟ್ಟನ್ನೇ ಬಳಸಿದರೆ ನಿಮ್ಮ ಅಂಕಿ ಮತ್ತು ಅವರ ಅಂಕಿ ಒಂದೇ ಮಾಪನದ್ದಾಗುತ್ತದೆ.

ರೋಗಾಣು ಇದೆಯೇ ಎಂದು ನೋಡಲು ಎಚ್‌ಟುಎಸ್ ಬಾಟಲಿ ಒಳ್ಳೆಯದು. ನೀರು ತುಂಬಿ 24ರಿಂದ 48 ಗಂಟೆ ಬೆಚ್ಚಗೆ ಇಟ್ಟರೆ, ಕಲುಷಿತವಾಗಿದ್ದರೆ ಕಪ್ಪಾಗುತ್ತದೆ. ಧನುರ್ಮಾಸದ ಚಳಿಯಲ್ಲಿ ಕಿಟಕಿ ಬಳಿ ಇಟ್ಟು 'ಕಪ್ಪಾಗಲಿಲ್ಲ, ನೀರು ಚೆನ್ನಾಗಿದೆ' ಎಂದವರಿದ್ದಾರೆ. 30 ಡಿಗ್ರಿಗಿಂತ ಮೇಲೆ ಇರಬೇಕು. ನಲ್ಲಿ ನೀರಿನಲ್ಲಿ ಕ್ಲೋರಿನ್ ಇದ್ದರೆ ಅದನ್ನೂ ಅಳೆದು ಬರೆಯಿರಿ. ಕೆರೆಗೆ ಈ ಬಾಟಲಿ ಕೊಳ್ಳಬೇಡಿ. ತೆರೆದ ನೀರು ಹೇಗೂ ಕಪ್ಪಾಗುತ್ತದೆ, ದುಡ್ಡು ದಂಡ.

ನಾಲೆಯ ಕೊನೆ ಭಾಗ: ಹೌದು-ಇಲ್ಲ, ಅಳತೆಗೋಲು, ತೇಲು

ಮಂಡ್ಯ ಸೀಮೆಯಲ್ಲಿ ಎಲ್ಲಕ್ಕಿಂತ ಮುಖ್ಯವಾಗಿ ಇಡಬೇಕಾದ ಲೆಕ್ಕ ನಾಲೆಗೆ ನೀರು ಬಂದ ದಿನಗಳದ್ದು. ವಿಶ್ವೇಶ್ವರಯ್ಯ ನಾಲೆಗೆ ಕೆಆರ್‌ಎಸ್‌ನಿಂದ ಎಷ್ಟು ಕ್ಯುಸೆಕ್ ಬಿಟ್ಟರು ಎನ್ನುವುದು ಪತ್ರಿಕೆಯಲ್ಲಿ ಬರುತ್ತದೆ. ಕೊನೆ ಭಾಗದ ತೂಬಿಗೆ ಅದರಲ್ಲಿ ಎಷ್ಟು ತಲುಪಿತು ಎನ್ನುವುದು ಎಲ್ಲೂ ಬರುವುದಿಲ್ಲ. ಕಟ್ಟು ಪದ್ಧತಿಯಲ್ಲಿ, ಅಂದರೆ ಕೆಲವು ದಿನ ಬಿಟ್ಟು ಕೆಲವು ದಿನ ನಿಲ್ಲಿಸುವ ಸರದಿಯಲ್ಲಿ, ನೀರು ಬಿಟ್ಟಾಗ ಮೇಲ್ಭಾಗದ ಗದ್ದೆ ತುಂಬಿ, ಕೆಳಗೆ ಬರುವಷ್ಟರಲ್ಲಿ ನೀರಿನ ಸರದಿಯೇ ಮುಗಿಯುತ್ತದೆ. ಮದ್ದೂರು, ಮಳವಳ್ಳಿ ಕಡೆಯವರ ಈ ಅಳಲು ಹಳೆಯದು. ಅದಕ್ಕೆ ದಿನಾಂಕ ಹಾಕಿದ ಲೆಕ್ಕ ಬೇಕು.

ಮೂರು ದಾರಿಗಳಿವೆ. ಮೊದಲನೆಯದು ದಿನವೂ ಬೆಳಗ್ಗೆ 7 ಗಂಟೆಗೆ ತೂಬಿನ ಬಳಿ 'ನೀರಿದೆ, ಇಲ್ಲ' ಎಂದು ಬರೆಯುವುದು. ಎರಡನೆಯದು ತೂಬಿನ ಪಕ್ಕದ ಕಟ್ಟೆಗೆ ಸೆಂಟಿಮೀಟರ್ ಗುರುತು ಬಳಿದು ನೀರಿನ ಮಟ್ಟ ಓದುವುದು. ಇಲಾಖೆಯ ಕಟ್ಟೆಗೆ ಬಣ್ಣ ಬಳಿಯುವ ಮೊದಲು ಅನುಮತಿ ಕೇಳಿ, ಇಲ್ಲವೇ ಗುರುತು ಹಾಕಿದ ಕೋಲನ್ನು ಪ್ರತಿದಿನ ಒಂದೇ ಕಲ್ಲಿಗೆ ಆನಿಸಿ. ಮೂರನೆಯದು ತೇಲು ಬಿಟ್ಟು ಹರಿವು ಲೆಕ್ಕ ಹಾಕುವುದು.

ತೇಲಿನ ಲೆಕ್ಕ ಹೀಗೆ. ನಾಲೆ ನೇರವಾಗಿ ಹರಿಯುವ 10 ಮೀಟರ್ ಅಳೆದುಕೊಳ್ಳಿ. ಒಂದು ಕಿತ್ತಳೆಹಣ್ಣು ಬಿಡಿ, ಅದು ಅರ್ಧ ಮುಳುಗಿ ಹೋಗುವುದರಿಂದ ಗಾಳಿಗೆ ಓಡುವುದಿಲ್ಲ. 20 ಸೆಕೆಂಡಿನಲ್ಲಿ ದಾಟಿದರೆ ಮೇಲ್ಮೈ ವೇಗ ಸೆಕೆಂಡಿಗೆ 0.5 ಮೀಟರ್. ತಳದಲ್ಲಿ ನೀರು ನಿಧಾನ, ಆದ್ದರಿಂದ 0.85ರಿಂದ ಗುಣಿಸಿ: 0.425. ನಾಲೆಯ ಅಗಲ 1.5 ಮೀಟರ್, ಸರಾಸರಿ ಆಳ 0.4 ಮೀಟರ್ ಇದ್ದರೆ ಅಡ್ಡಕೊಯ್ತ 0.6 ಚದರ ಮೀಟರ್. ಎರಡನ್ನೂ ಗುಣಿಸಿದರೆ ಸೆಕೆಂಡಿಗೆ 255 ಲೀಟರ್. ಒಂದು ಕ್ಯುಸೆಕ್ ಅಂದರೆ ಸೆಕೆಂಡಿಗೆ 28.3 ಲೀಟರ್, ಇದು 9 ಕ್ಯುಸೆಕ್. ಕಚೇರಿಯವರು ಮಾತಾಡುವುದು ಕ್ಯುಸೆಕ್‌ನಲ್ಲಿ, ನಿಮ್ಮ ಉತ್ತರವೂ ಅದರಲ್ಲೇ ಇರಲಿ. ಹಣ್ಣನ್ನು ಐದು ಸಲ ಬಿಟ್ಟು ನಡುವಿನ ಅಂಕಿ ತೆಗೆದುಕೊಳ್ಳಿ. ಇಷ್ಟು ಮಾಡಿದರೂ ಐದರಲ್ಲಿ ಒಂದು ಪಾಲು ಹೆಚ್ಚುಕಡಿಮೆ ಇರುತ್ತದೆ, ಬಾಗು ಮತ್ತು ಕಳೆ ಇರುವ ಕಡೆ ಇನ್ನೂ ಹೆಚ್ಚು. ದೊಡ್ಡ ನಾಲೆಯಲ್ಲಿ ಇದನ್ನು ಮಾಡಲೇಬೇಡಿ. ಪಕ್ಕದ ಗೋಡೆ ಜಾರುತ್ತದೆ, ಹಿಡಿದು ಹತ್ತಲು ಏನೂ ಇರುವುದಿಲ್ಲ. ಉಪಕಾಲುವೆ, ಹೊಲಗಾಲುವೆಗಳಿಗೆ ಮಾತ್ರ ಈ ವಿಧಾನ.

ಮೂರರಲ್ಲಿ ನಮ್ಮ ಆಯ್ಕೆ ಮೊದಲನೆಯದು, ಹೌದು-ಇಲ್ಲ. ಒಂದೇ ಉಪಕಾಲುವೆಯ ಮೇಲ್ಭಾಗ, ನಡುಭಾಗ, ಕೊನೆ ಭಾಗದಲ್ಲಿ ಮೂವರು ನಾಟಿಯಿಂದ ಕೊಯ್ಲಿನವರೆಗೆ ಸುಮಾರು 120 ದಿನ ಬರೆದರೆ 360 ಸಾಲು ಸಿಗುತ್ತದೆ. ಅದರ ಪಕ್ಕದಲ್ಲಿ ಆ ದಿನದ ಕೆಆರ್‌ಎಸ್ ಹೊರಹರಿವು ಬರೆದಿಟ್ಟರೆ ಯಾರೂ ಅಲ್ಲಗಳೆಯಲಾಗದ ಚಿತ್ರ ಮೂಡುತ್ತದೆ. ತೇಲಿನ ಅಂಕಿಯನ್ನು ಎಂಜಿನಿಯರ್ ಪ್ರಶ್ನಿಸಬಹುದು. ದಿನಾಂಕ, ಹೊತ್ತು ಇರುವ ಒಣ ತೂಬಿನ ಚಿತ್ರವನ್ನು ಪ್ರಶ್ನಿಸುವುದು ಕಷ್ಟ. ನೀರು ಬಂದ ದಿನವನ್ನೂ ಅಷ್ಟೇ ನಿಷ್ಠೆಯಿಂದ ಬರೆಯಬೇಕು. ಬರೀ ಒಣಗಿದ ದಿನಗಳ ಪಟ್ಟಿಯನ್ನು ದೂರು ಎನ್ನುತ್ತಾರೆ, ಲೆಕ್ಕ ಎನ್ನುವುದಿಲ್ಲ. ನೀರುಗಂಟಿಯವರನ್ನೂ ಸೇರಿಸಿಕೊಳ್ಳಿ. ಗೇಟು ಯಾವಾಗ ಎತ್ತಿದರು, ಇಳಿಸಿದರು ಎಂಬುದು ಅವರಷ್ಟು ಚೆನ್ನಾಗಿ ಯಾರಿಗೂ ಗೊತ್ತಿರುವುದಿಲ್ಲ.

ತೆರೆದ ಬಾವಿಯ ಮಟ್ಟ ಅಳೆಯುವವರು ಕಟ್ಟೆಯ ಮೇಲೆ ಒಂದು ಬಿಂದು ಬಳಿದು ಅಲ್ಲಿಂದಲೇ ಟೇಪು ಇಳಿಸಿ, ಕಟ್ಟೆಯ ಎತ್ತರ ಕಳೆದು ನೆಲಮಟ್ಟದಿಂದ ಎಷ್ಟು ಕೆಳಗೆ ಎಂದು ಬರೆಯಿರಿ. ಪಂಪು ನಿಂತು ಆರು ಗಂಟೆಯಾದರೂ ಆಗಿರಬೇಕು, ಅಂದರೆ ನಸುಕಿನ ಓದಿಕೆ. ಪಂಪು ಇಳಿಸಿರುವ ಬೋರ್‌ವೆಲ್‌ಗೆ ಟೇಪು ಬಿಡಬೇಡಿ, ಕೇಬಲ್ಲಿಗೆ ಸುತ್ತಿಕೊಂಡರೆ ಮೋಟಾರು ಎತ್ತಿಸಬೇಕಾಗುತ್ತದೆ.

ಮಳೆ, ಗಾಳಿ, ಕಸ, ಹಕ್ಕಿ

ಮಳೆಮಾಪಕವನ್ನು ಬೆಳಗ್ಗೆ 8:30ಕ್ಕೆ ಓದಿ. ಹವಾಮಾನ ಇಲಾಖೆಯ ಮಳೆ ದಿನ ಆಗಲೇ ಮುಗಿಯುವುದು, ಬೇರೆ ಹೊತ್ತಿನಲ್ಲಿ ಓದಿದರೆ ಹೋಲಿಸಲಾಗದು. ಸೋಡಾ ಬಾಟಲಿ ಕತ್ತರಿಸಿ ಮಾಡುವುದಾದರೆ ತಳದ ಉಬ್ಬುತಗ್ಗಿಗೆ ಜಲ್ಲಿ ತುಂಬಿ, ನೇರ ಭಾಗದವರೆಗೆ ನೀರು ಹಾಕಿ ಅಲ್ಲಿಗೆ ಸೊನ್ನೆ ಗುರುತು ಇಡಿ.

ಗಾಳಿಗೆ ಸಿಗುವ ಅಗ್ಗದ ಸೆನ್ಸರುಗಳು ಲೇಸರ್ ಬೆಳಕು ಚದುರುವುದನ್ನು ನೋಡಿ ದೂಳು ಎಣಿಸುತ್ತವೆ. ತೇವಾಂಶ ಹೆಚ್ಚಿದಾಗ ಮಂಜಿನ ಹನಿಯನ್ನೂ ದೂಳು ಎಂದೇ ಎಣಿಸುತ್ತವೆ, ಹಾಗಾಗಿ ಜನವರಿಯ ಮಂಜಿನ ಬೆಳಗಿನಲ್ಲಿ ಅಂಕಿ ಸುಳ್ಳೇ ಏರುತ್ತದೆ. ತೇವಾಂಶದ ಸೆನ್ಸರೂ ಜತೆಗಿರಲಿ. ಬಹಳ ಜನ ಬಳಸುವ ಎಸ್‌ಡಿಎಸ್011 ಸೆನ್ಸರಿನ ಲೇಸರ್ ಆಯಸ್ಸು 8000 ಗಂಟೆ, ನಿಲ್ಲಿಸದೆ ಓಡಿಸಿದರೆ ಹನ್ನೊಂದು ತಿಂಗಳು. ಐದು ನಿಮಿಷಕ್ಕೊಮ್ಮೆ ಅರ್ಧ ನಿಮಿಷ ಓಡಿಸಿದರೆ ವರ್ಷಗಟ್ಟಲೆ ಬರುತ್ತದೆ. ಮೈಸೂರಿನಲ್ಲಿ ಹೆಬ್ಬಾಳದಲ್ಲಿ ಮಾಲಿನ್ಯ ನಿಯಂತ್ರಣ ಮಂಡಳಿಯ ನಿರಂತರ ಮಾಪನ ಕೇಂದ್ರವಿದೆ. ಸೆನ್ಸರನ್ನು ಮೊದಲು ಅದರ ಹತ್ತಿರ ಎರಡು ವಾರ ಇಟ್ಟು ಹೋಲಿಸಿ, ಆಮೇಲೆ ನಿಮ್ಮ ಬೀದಿಗೆ ತನ್ನಿ. ಆಲೆಮನೆಯ ಹೊಗೆ, ಕಬ್ಬಿನ ತರಗು ಸುಡುವ ಹೊಗೆಯಂಥದ್ದಕ್ಕೆ ಈ ಸೆನ್ಸರು ಚೆನ್ನಾಗಿಯೇ ಹೇಳುತ್ತದೆ, ಏಕೆಂದರೆ ಅಲ್ಲಿ ಬೇಕಾದದ್ದು ಏರಿತೋ ಇಲ್ಲವೋ ಎಂಬುದು. ಪಿಎಂ 2.5ರ, ಅಂದರೆ 2.5 ಮೈಕ್ರಾನ್‌ಗಿಂತ ಸಣ್ಣ ದೂಳಿನ, 24 ಗಂಟೆಯ ರಾಷ್ಟ್ರೀಯ ಮಿತಿ ಘನ ಮೀಟರಿಗೆ 60 ಮೈಕ್ರೋಗ್ರಾಂ. ಅದರೊಂದಿಗೆ ಒಂದು ನಿಮಿಷದ ಅಂಕಿಯನ್ನು ಹೋಲಿಸಬಾರದು, 24 ಗಂಟೆಯ ಸರಾಸರಿಯನ್ನೇ ಹೋಲಿಸಬೇಕು.

ಕಸದ ರಾಶಿಗಳಿಗೆ ದೂರಿನ ಆ್ಯಪ್ ಬೇರೆ, ಲೆಕ್ಕ ಬೇರೆ. ಆ್ಯಪ್‌ನಲ್ಲಿ ಹಾಕಿದರೆ ಆ ದಿನದ ರಾಶಿ ಎತ್ತಬಹುದು, ಅದಕ್ಕೆ ಅದನ್ನೇ ಬಳಸಿ. ಆದರೆ ಯಾರ ಮನೆ ಇರುವ ಬೀದಿಯಲ್ಲಿ ದೂರು ಕೊಡುವವರಿದ್ದಾರೋ ಅಲ್ಲೇ ಕಸ ಹೆಚ್ಚು ಎಂದು ಆ ಅಂಕಿ ಹೇಳುತ್ತದೆ. ವಾರ್ಡಿನಲ್ಲಿ ಒಂದು ದಾರಿ ಗೊತ್ತು ಮಾಡಿಕೊಂಡು, ಪ್ರತಿ ಭಾನುವಾರ ಬೆಳಗ್ಗೆ ಅದೇ ದಾರಿ ನಡೆದು, ರಾಶಿ ಇಲ್ಲದ ಮೂಲೆಗೆ ಸೊನ್ನೆ ಹಾಕಿದರೆ ಮಾತ್ರ ಹೋಲಿಕೆಗೆ ಬರುವ ಲೆಕ್ಕವಾಗುತ್ತದೆ.

ಹಕ್ಕಿಗಳಿಗೂ ಇದೇ ಸೂತ್ರ. ಕುಕ್ಕರಹಳ್ಳಿ ಕೆರೆಯನ್ನೋ ಕೊಕ್ಕರೆ ಬೆಳ್ಳೂರನ್ನೋ ವರ್ಷವರ್ಷ ಹೋಲಿಸಬೇಕಾದರೆ ಹಕ್ಕಿ ಎಣಿಕೆಯ ಆ್ಯಪ್ ಈಬರ್ಡ್: ಎಷ್ಟು ಹೊತ್ತು, ಎಷ್ಟು ದೂರ, ಕಂಡ ಎಲ್ಲ ಹಕ್ಕಿಯನ್ನೂ ಬರೆದಿರಾ ಎಂದು ಅದು ಕೇಳುತ್ತದೆ. ಹೆಸರು ಗೊತ್ತಿಲ್ಲದ ಗಿಡ, ಕೀಟ, ಚಿಟ್ಟೆಗೆ ಐನ್ಯಾಚುರಲಿಸ್ಟ್ ಆ್ಯಪ್. ಚಿತ್ರ ಹಾಕಿದರೆ ಗೊತ್ತಿದ್ದವರು ಗುರುತಿಸುತ್ತಾರೆ, ಆದರೆ ಎಷ್ಟಿದ್ದವು ಎಂಬ ಲೆಕ್ಕ ಅದರಿಂದ ಸಿಗದು.

ಬರೆದಿಡುವ ಜಾಗ

ವಾಟ್ಸ್ಆ್ಯಪ್ ಗುಂಪಿನಲ್ಲಿ ಅಂಕಿ ಸಂಗ್ರಹಿಸಬೇಡಿ. ಚಿತ್ರ ಕಳುಹಿಸಿದಾಗ ಅದರೊಳಗಿನ ಸ್ಥಳದ ಮಾಹಿತಿ ಅಳಿಸಿಹೋಗುತ್ತದೆ, ಸಂದೇಶದ ದಿನಾಂಕವೇ ಅಳತೆಯ ದಿನಾಂಕ ಎಂದು ಆಮೇಲೆ ತಪ್ಪಾಗಿ ಬರೆಯುತ್ತಾರೆ. ಗುಂಪು ಜ್ಞಾಪಿಸಲು ಸಾಕು, ದಾಖಲೆಗೆ ಬೇಡ.

ಗೂಗಲ್ ಫಾರ್ಮ್ ಐದು ನಿಮಿಷದಲ್ಲಿ ತಯಾರಾಗುತ್ತದೆ, ಆದರೆ ಸ್ಥಳ ಹಿಡಿಯುವ ಪ್ರಶ್ನೆ ಅದರಲ್ಲಿಲ್ಲ, ನೆಟ್‌ವರ್ಕ್ ಬೇಕು. ನಗರದೊಳಗಿನ ಕಸದ ಲೆಕ್ಕಕ್ಕೆ ನಡೆಯುತ್ತದೆ. ಫೋನಿನಲ್ಲೇ ಅಂಕಿ ತುಂಬಿಸುವ ಕೋಬೋ ಅಥವಾ ಓಡಿಕೆ ಆ್ಯಪ್‌ನಲ್ಲಿ ಫಾರ್ಮ್ ತಯಾರಿಸಲು ಅರ್ಧ ದಿನ ಬೇಕು. ಆದರೆ ನೆಟ್‌ವರ್ಕ್ ಇಲ್ಲದ ಏರಿಯ ಮೇಲೂ ಕೆಲಸ ಮಾಡುತ್ತದೆ, ಸ್ಥಳ ಮತ್ತು ಚಿತ್ರವನ್ನು ಒಂದೇ ದಾಖಲೆಗೆ ಕಟ್ಟುತ್ತದೆ, ಪ್ರಶ್ನೆಗಳು ಕನ್ನಡದಲ್ಲೇ ಇರಬಹುದು, ಪಿಎಚ್ 75 ಎಂದು ಒತ್ತಿದರೆ ಮುಂದೆ ಬಿಡುವುದಿಲ್ಲ. ಕೆರೆ, ಬಾವಿಗೆ ನಾವು ಇದನ್ನೇ ಹೇಳುತ್ತೇವೆ. ಫೋನು ಸ್ಥಳ ಹಿಡಿಯುವಾಗ ನಿಖರತೆ 5 ಮೀಟರಿಗೆ ಇಳಿಯುವವರೆಗೆ ನಿಲ್ಲಿ. ಮರದ ಕೆಳಗೆ ಅಷ್ಟು ಬಾರದಿದ್ದರೆ ಬಯಲಿಗೆ ಎರಡು ಹೆಜ್ಜೆ ಬನ್ನಿ. ಇನ್ನು ತೂಬಿನ ಹೌದು-ಇಲ್ಲ ಲೆಕ್ಕಕ್ಕೆ ನೂರು ಪುಟದ ಒಂದು ನೋಟ್‌ಬುಕ್ಕೇ ಎಲ್ಲಕ್ಕಿಂತ ಮೇಲು. ತಿಂಗಳಿಗೊಮ್ಮೆ ಪುಟದ ಚಿತ್ರ ತೆಗೆದು ಒಬ್ಬರು ಟೈಪ್ ಮಾಡಲಿ, ಇನ್ನೊಬ್ಬರು ತಾಳೆ ನೋಡಲಿ.

ಟೈಪ್ ಮಾಡುವಾಗ ನಮ್ಮ ಕಡೆ ಆಗುವ ತಪ್ಪುಗಳು ಬೇರೆಯೇ. ೭.೨ ಎಂದು ಕನ್ನಡ ಅಂಕಿಯಲ್ಲಿ ಹಾಕಿದರೆ ಎಕ್ಸೆಲ್ ಅದನ್ನು ಅಕ್ಷರ ಎಂದು ತಿಳಿದು ಸರಾಸರಿಯಲ್ಲಿ ಸೇರಿಸುವುದಿಲ್ಲ. ನುಡಿ, ಬರಹದ ಹಳೆಯ ಫಾಂಟಿನಲ್ಲಿರುವ ಕಡತವನ್ನು ಯುನಿಕೋಡ್‌ಗೆ ಬದಲಿಸದೆ ಹಂಚಿದರೆ ಬೇರೆಯವರ ಗಣಕದಲ್ಲಿ ಗೊಜಲು ಕಾಣುತ್ತದೆ, ಹುಡುಕಿದರೂ ಸಿಗದು. ಕಡತವನ್ನು ಸಿಎಸ್‌ವಿ (ಅಂಕಿಗಳ ಸರಳ ಪಠ್ಯ ಕಡತ) ಆಗಿ ಉಳಿಸುವಾಗ ಕನ್ನಡ ಅಕ್ಷರ ಕೆಡದಂತೆ ಯುಟಿಎಫ್-8 ಆರಿಸಿ. ಲಿಂಗಾಂಬುಧಿ ಕೆರೆಯನ್ನು ನಾಲ್ಕು ಜನ ನಾಲ್ಕು ಬಗೆಯಲ್ಲಿ ಬರೆಯುತ್ತಾರೆ, ಹೊಸಹಳ್ಳಿ ಎಂಬ ಊರು ತಾಲ್ಲೂಕಿಗೊಂದಿದೆ. ಕೆರೆಗೆ ನಿಮ್ಮದೇ ಸಂಖ್ಯೆ ಕೊಡಿ, ಊರಿಗೆ ಸರ್ಕಾರದ ಎಲ್‌ಜಿಡಿ ಕೋಡ್ (ಪ್ರತಿ ಊರಿಗೂ ಇರುವ ಪ್ರತ್ಯೇಕ ಸಂಖ್ಯೆ) ಹಾಕಿ. ಅಕ್ಷಾಂಶ 12.3, ರೇಖಾಂಶ 76.6 ಎನ್ನುವುದು ಅದಲುಬದಲಾದರೆ ಮೈಸೂರು ಉತ್ತರ ಧ್ರುವದ ಹತ್ತಿರದ ಸಮುದ್ರಕ್ಕೆ ಹೋಗಿ ಬೀಳುತ್ತದೆ. ನಕ್ಷೆಯ ಮೇಲೆ ಒಮ್ಮೆ ಹಾಕಿ ನೋಡದೆ ಕಡತ ಹೊರಗೆ ಬಿಡಬೇಡಿ.

ಎಲ್ಲರಿಗೂ ತೆರೆದಿಡುವುದು

ಕದಲದ ವಸ್ತುಗಳು ಯಾರು ಬೇಕಾದರೂ ತಿದ್ದಬಹುದಾದ ಉಚಿತ ನಕ್ಷೆ ಓಪನ್‌ಸ್ಟ್ರೀಟ್‌ಮ್ಯಾಪ್‌ಗೆ ಹೋಗಲಿ: ಕೆರೆಯ ಅಂಚು, ಕಾಲುವೆ, ತೂಬು, ಸಾರ್ವಜನಿಕ ಬಾವಿ, ಕನ್ನಡ ಹೆಸರು. ಗೂಗಲ್ ನಕ್ಷೆ ನೋಡಿ ನಕಲು ಮಾಡುವಂತಿಲ್ಲ, ಅದು ಪರವಾನಗಿಗೆ ವಿರುದ್ಧ. ದಿನದಿನ ಬದಲಾಗುವ ಓದಿಕೆಗಳನ್ನು ಅಲ್ಲಿ ಹಾಕಬೇಡಿ, ಬೇರೆಯವರು ಅಳಿಸುತ್ತಾರೆ, ಅಳಿಸುವುದು ಸರಿಯೂ ಹೌದು. ಓದಿಕೆಗಳಿಗೆ ಸಂಶೋಧನಾ ಕಡತಗಳನ್ನು ಇಡುವ ಜಾಲತಾಣ ಝೆನೋಡೋ ಒಳ್ಳೆಯ ಜಾಗ. ಉಚಿತ, ಕಡತಕ್ಕೆ ಶಾಶ್ವತ ಗುರುತುಸಂಖ್ಯೆ ಕೊಡುತ್ತದೆ, ಅರ್ಜಿಯಲ್ಲಿ ಆ ಸಂಖ್ಯೆ ಬರೆದರೆ ಕಚೇರಿಯವರು ಅದೇ ಕಡತ ತೆರೆದು ನೋಡಬಹುದು. ಗೂಗಲ್ ಶೀಟ್‌ನ ಕೊಂಡಿ ಕೊಟ್ಟರೆ ಖಾತೆಯವರು ಖಾತೆ ಮುಚ್ಚಿದ ದಿನ ಕೊಂಡಿಯೂ ಹೋಗಬಹುದು.

ಪರವಾನಗಿಯಲ್ಲಿ ಸಿಸಿ ಬೈ 4.0 ಆರಿಸಿ, ಅಂದರೆ ನಿಮ್ಮ ಹೆಸರು ಹೇಳಿ ಯಾರು ಬೇಕಾದರೂ ಬಳಸಬಹುದು. 'ವಾಣಿಜ್ಯ ಬಳಕೆ ಬೇಡ' ಎಂಬ ಆಯ್ಕೆ ಮೇಲ್ನೋಟಕ್ಕೆ ಒಳ್ಳೆಯದೆನಿಸುತ್ತದೆ. ಆದರೆ ಹಾಗೆ ಮಾಡಿದರೆ ಪತ್ರಿಕೆ ಬಳಸಲು ಹಿಂಜರಿಯುತ್ತದೆ, ವಿಕಿಪೀಡಿಯಕ್ಕೂ ಸೇರಿಸಲಾಗದು. ಊರಿನ ನೀರಿನ ಲೆಕ್ಕ ಎಷ್ಟು ಜನ ಬಳಸಿದರೆ ಅಷ್ಟು ಒಳ್ಳೆಯದು. ಇಲಾಖೆಯ ಅಂಕಿಗಳ ಪಕ್ಕ ಇಟ್ಟು ನೋಡಬೇಕಿದ್ದರೆ 2005ರ ಮಾಹಿತಿ ಹಕ್ಕು ಕಾಯ್ದೆಯಡಿ ಅದೇ ಕೆರೆಯ ತಿಂಗಳವಾರು ಪರೀಕ್ಷಾ ಫಲಿತಾಂಶ ಕೇಳಿ. ಸಾಮಾನ್ಯವಾಗಿ 30 ದಿನದೊಳಗೆ ಉತ್ತರ ಕೊಡಬೇಕು.

ಎಲ್ಲವನ್ನೂ ತೆರೆದಿಡಬಾರದು ಕೂಡ. ಬೋರ್‌ವೆಲ್ ಮಾಲೀಕರ ಹೆಸರು, ಸರ್ವೆ ನಂಬರು, ಫೋನು ಪ್ರಕಟಣೆಯ ಕಡತದಲ್ಲಿ ಇರಕೂಡದು. ಖಾಸಗಿ ಬಾವಿಯ ಸ್ಥಳವನ್ನು ದಶಮಾಂಶದ ಮೂರು ಸ್ಥಾನಕ್ಕೆ ಮೊಟಕು ಮಾಡಿದರೆ ನೂರು ಮೀಟರಿನಷ್ಟು ಮಸುಕಾಗುತ್ತದೆ, ನಕ್ಷೆಗೆ ಅಷ್ಟು ಸಾಕು. ನೈಟ್ರೇಟ್ ಮಿತಿ ದಾಟಿದ್ದರೆ ಮೊದಲು ಆ ಮನೆಯವರಿಗೆ ಹೇಳಿ, ಆಮೇಲೆ ಕಡತಕ್ಕೆ ಸೇರಿಸಿ. ಕಸದ ಚಿತ್ರದಲ್ಲಿ ಮುಖ, ಗಾಡಿ ನಂಬರು ಮುಚ್ಚಿ. ಹಕ್ಕಿ ಗೂಡಿನ ಮರ ಯಾವುದು ಎಂದು ಬರೆಯಬೇಡಿ.

ಕಡತದ ಜತೆ ಒಂದು ಪುಟದ ಟಿಪ್ಪಣಿ ಇರಲಿ: ಯಾವ ಕಿಟ್, ಯಾವ ಪೆನ್ನು, ಎಷ್ಟು ಹೊತ್ತಿಗೆ, ಯಾವ ಬಿಂದುವಿನಲ್ಲಿ, ಪ್ರತಿ ಕಾಲಂನ ಮಾನ ಯಾವುದು. ಪೆನ್ನು ಕೆಟ್ಟಿತ್ತು ಎಂದು ಆಮೇಲೆ ಗೊತ್ತಾದರೆ ಆ ತಿಂಗಳ ಸಾಲುಗಳನ್ನು ಅಳಿಸಬೇಡಿ. 'ಸಂಶಯ' ಎಂಬ ಕಾಲಂನಲ್ಲಿ ಕಾರಣ ಬರೆದು ಹೊಸ ಆವೃತ್ತಿಯಾಗಿ ಏರಿಸಿ. ಝೆನೋಡೋದಲ್ಲಿ ಹಳೆಯದೂ ಹೊಸದೂ ಎರಡೂ ಉಳಿಯುತ್ತವೆ, ಏನು ತಿದ್ದಿದಿರಿ ಎಂದು ಯಾರು ಬೇಕಾದರೂ ನೋಡಬಹುದು.